ಹಿಮದ ಪುಟಕ್ಕೆ ಹಾಕಿದ ಇಂಟು ಮಾರ್ಕು

ಕಳೆದ ಭಾನುವಾರ ತಿಪ್ಪೇಸ್ವಾಮಿ ನನಗೆ ಎಡಗೈಯಲ್ಲಿ ಕಾಫಿ ಲೋಟ ಕೊಟ್ಟ.

"ಎಡಗೈಯಾಗೆ ಕೊಡ್ತಿದೀನಿ, ಬೇಜಾರು ಮಾಡ್ಕಬ್ಯಾಡ್ರಿ ಮೇಷ್ಟ್ರೇ" ಎಂದ.

ಎರಡು ವರ್ಷದಿಂದ ಪ್ರತಿ ಸಲವೂ ಇದೇ ಮಾತು. ಪ್ರತಿ ಸಲವೂ ನಾನು "ಅಯ್ಯೋ, ಅದಕ್ಕೇನಪ್ಪ" ಎನ್ನುತ್ತೇನೆ. ಪ್ರತಿ ಸಲವೂ ಅರ್ಧ ಕಾಫಿ ಲೋಟದಲ್ಲೇ ಬಿಟ್ಟು ಬರುತ್ತೇನೆ. ಯಾಕೆ ಅಂತ ಈ ವಾರದ ಅಂಕಣದಲ್ಲಿ ಹೇಳಿಬಿಡುತ್ತೇನೆ. ನಮ್ಮ ಬಸ್ ಸ್ಟ್ಯಾಂಡಿನ ಹೊಸ ನಲ್ಲಿಯ ಬಗ್ಗೆ ಬರೆಯಬೇಕೆಂದಿದ್ದೆ. (ಅದೆಲ್ಲಿಗೂ ಓಡಿಹೋಗುವುದಿಲ್ಲ. ಅದರಲ್ಲಿ ನೀರೂ ಬರುವುದಿಲ್ಲ.)

ತಿಪ್ಪೇಸ್ವಾಮಿ ಯಲ್ಲದಕೆರೆ ಕಡೆಯವನು. ತಲೆತಲಾಂತರದಿಂದ ಕುರಿ ಸಾಕಿದ ಮನೆ. ಅವನ ಮಗಳು ಹಿರಿಯೂರಿನಲ್ಲಿ ನನ್ನ ಕ್ಲಾಸಿನಲ್ಲಿ ಓದುತ್ತಿದ್ದಾಗ ಪರಿಚಯವಾಯಿತು, ಆಮೇಲೆ ಅದು ಸ್ನೇಹವಾಯಿತು. ವರ್ಷಕ್ಕೆರಡು ಸಲ ಉಣ್ಣೆ ಕತ್ತರಿಸುವ ದಿನ ನನ್ನನ್ನು ಕರೆಯುತ್ತಿದ್ದ. ಆಗ ಅವನ ಬಲಗೈ ನೋಡಬೇಕಿತ್ತು. ಕುರಿಯನ್ನು ಮಲಗಿಸಿ, ಕಾಲು ಕಟ್ಟಿ, ಕತ್ತರಿ ಹಿಡಿದನೆಂದರೆ ಉಣ್ಣೆಯೆಲ್ಲ ಕಂಬಳಿಯ ಮಡಿಕೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತಿತ್ತು. ಚರ್ಮಕ್ಕೆ ಒಂದು ಗೀರು ಕೂಡ ಇಲ್ಲ. ಸುತ್ತಮುತ್ತಲ ಹಟ್ಟಿಯವರು ತಮ್ಮ ಕುರಿಗಳಿಗೂ ಅವನೇ ಬರಬೇಕೆಂದು ಕಾಯುತ್ತಿದ್ದರು.

ಮೇಯಿಸುವ ಜಾಗ ಕಡಿಮೆಯಾಗುತ್ತಾ ಬಂದಾಗ ಕುರಿಗಳನ್ನು ಕೊಟ್ಟಿಗೆಯಲ್ಲೇ ಕಟ್ಟಿ ಸಾಕೋಣ ಎಂದು ಅವನು ಯೋಚಿಸಿದ. ಹೊಸದುರ್ಗದ ದಾಳಿಂಬೆ ತೋಟದವರೊಬ್ಬರಿಂದ ಒಂದು ಸೆಕೆಂಡ್ ಹ್ಯಾಂಡ್ ಪುಟಾಣಿ ಟ್ರ್ಯಾಕ್ಟರ್ ತಂದ. ಹದಿನೆಂಟು ಹಾರ್ಸ್‌ಪವರ್. ನೋಡಿದವರೆಲ್ಲ "ಇದು ಟ್ರ್ಯಾಕ್ಟರ್ರಾ, ಟ್ರ್ಯಾಕ್ಟರ್ ಮರೀನಾ?" ಎಂದು ರೇಗಿಸುತ್ತಿದ್ದರು. ಆಮೇಲೆ ಚಿತ್ರದುರ್ಗದಲ್ಲಿ ಒಂದು ಹಳೆಯ ಮೇವು ಕತ್ತರಿಸುವ ಮಿಷನ್ ಸಿಕ್ಕಿತು. ಟ್ರ್ಯಾಕ್ಟರಿನ ಹಿಂದೆ ಜೋಡಿಸಿದರೆ ಜೋಳದ ದಂಟನ್ನು ಒಂದು ಬಾಯಿಂದ ನುಂಗಿ, ಕತ್ತರಿಸಿ, ಮೇಲಿನ ಕೊಳವೆಯಿಂದ ಉಗುಳುವಂಥದ್ದು. ಅದಕ್ಕೆ ಕಾಗದಪತ್ರ ಏನೂ ಇರಲಿಲ್ಲ. ಟ್ರ್ಯಾಕ್ಟರಿನ ಜೊತೆ ಮಾತ್ರ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂದಿತ್ತು.

ಇಂಗ್ಲಿಷ್ ಎಂದ ಮೇಲೆ ಇಂಗ್ಲಿಷ್ ಮೇಷ್ಟರು ಬೇಡವೇ?

ಹೋದೆ. ಅಂಗಳದಲ್ಲಿ ಕಂಬಳಿ ಹಾಸಿ ಕೂರಿಸಿದರು. ಅವನ ಹೆಂಡತಿ ಕೆಂಚಮ್ಮ ಮಂಡಕ್ಕಿ ತಂದಿಟ್ಟಳು. ಯಾವ ಯಂತ್ರಕ್ಕೆ ಎಷ್ಟು ಹಾರ್ಸ್‌ಪವರ್ ಬೇಕು, ಜೋಡಿಸಿದ ಯಂತ್ರವನ್ನು ಓಡಿಸುವ ಹಿಂದಿನ ಶಾಫ್ಟು ಎಷ್ಟು ವೇಗದಲ್ಲಿ ತಿರುಗುತ್ತದೆ, ಎಷ್ಟು ಭಾರ ಹೇರಿದರೆ ಮುಂದಿನ ಚಕ್ರ ಮೇಲೇಳುತ್ತದೆ, ಎಲ್ಲವನ್ನೂ ಓದಿ ಹೇಳಿದೆ. ತಿಪ್ಪೇಸ್ವಾಮಿ ಟೇಪು ಹಿಡಿದು ಅಳೆದ. ಮಿಷನ್ನಿನ ಶಾಫ್ಟು ನಾಲ್ಕು ಬೆರಳು ಉದ್ದವಿದೆ, ಕತ್ತರಿಸಬೇಕು ಎಂದು ಕಂಡುಹಿಡಿದವನು ಅವನೇ. ಆದರೆ ಜಂಬವೆಲ್ಲ ನನ್ನದು.

ಪುಟ ತಿರುಗಿಸುತ್ತಿದ್ದಾಗ ಒಂದು ಚಿತ್ರ ಬಂತು. ದಪ್ಪ ಜಾಕೆಟ್ಟು, ಮಂಕಿ ಕ್ಯಾಪು ಹಾಕಿದ ಒಬ್ಬ ಮನುಷ್ಯ ಇಂಥದ್ದೇ ಪುಟಾಣಿ ಟ್ರ್ಯಾಕ್ಟರ್ ಮೇಲೆ ಕೂತಿದ್ದಾನೆ. ಟ್ರ್ಯಾಕ್ಟರಿಗೆ ಜೋಡಿಸಿದ ಯಂತ್ರ ದಾರಿಯ ಹಿಮವನ್ನು ನುಂಗಿ ಕೊಳವೆಯಿಂದ ಪಕ್ಕಕ್ಕೆ ಎಸೆಯುತ್ತಿದೆ. ಸ್ನೋ ಬ್ಲೋಯರ್. ಅದನ್ನು ಟ್ರ್ಯಾಕ್ಟರಿಗೆ ಹೊಂದಿಸುವುದು ಹೇಗೆ, ಬಳಸುವುದು ಹೇಗೆ ಅಂತ ಎರಡು ಪುಟ.

ತಿಪ್ಪೇಸ್ವಾಮಿ ಬಗ್ಗಿ ನೋಡಿದ. "ಇದೂ ನಮ್ಮ ಮೇವಿನ ಮಿಷನ್ ಇದ್ದಂಗೇ ಐತಲ್ರಿ ಮೇಷ್ಟ್ರೇ. ಬಾಯಾಗೆ ತಗಂಡು ಕೊಳವ್ಯಾಗೆ ಉಗುಳ್ತೈತೆ. ಏನು ಬರ್ದಾರೆ ನೋಡ್ರಿ."

ನಾನು ಏನು ಮಾಡಿದೆ ಗೊತ್ತೇ?

ನಗಾಡಿದೆ. "ಹಿರಿಯೂರಾಗೆ ಹಿಮ ಬಿದ್ದಾಗ ಓದಾಣ ಬಿಡಪ್ಪ" ಎಂದೆ. ಜೇಬಿನಿಂದ ಪೆನ್ಸಿಲ್ ತೆಗೆದು ಎರಡೂ ಪುಟಕ್ಕೆ ಅಡ್ಡಡ್ಡ ಗೆರೆ ಎಳೆದು ಇಂಟು ಹಾಕಿದೆ. ಅದು ನನ್ನ ಕೈಯ ಅಭ್ಯಾಸ. ಪ್ರತಿ ವರ್ಷ ಜನವರಿಯಲ್ಲಿ ಕ್ಲಾಸಿನಲ್ಲಿ ನಿಂತು "ಈ ಪಾಠ ಪರೀಕ್ಷೆಗೆ ಬರಲ್ಲ, ಇಂಟು ಹಾಕ್ಕಳ್ರಿ" ಎನ್ನುತ್ತೇನೆ. ಇಡೀ ಕ್ಲಾಸು ಖುಷಿಯಿಂದ ಇಂಟು ಹಾಕಿಕೊಳ್ಳುತ್ತದೆ. ಅವತ್ತು ತಿಪ್ಪೇಸ್ವಾಮಿಯೂ ನಕ್ಕ.

ಮಿಷನ್ನು ಸರಿಯಾಗಿ ಕೂತಿತು. ಆರು ತಿಂಗಳು ಚೆನ್ನಾಗಿ ನಡೆಯಿತು. ಒಂದು ಬೆಳಿಗ್ಗೆ ದಂಟು ಹಸಿಯಾಗಿತ್ತು, ಮಿಷನ್ನಿನ ಬಾಯಿ ಕಟ್ಟಿಕೊಂಡಿತು. ತಿಪ್ಪೇಸ್ವಾಮಿ ಎಂಜಿನ್ ಆರಿಸಿದ. ಕೀ ತೆಗೆದು ಜೇಬಿಗೆ ಹಾಕಿಕೊಂಡ. ಕೈ ಹಾಕಿ ಸಿಕ್ಕಿಕೊಂಡ ದಂಟನ್ನು ಎಳೆದ. ದಂಟು ಬಿಟ್ಟುಕೊಂಡಿತು. ದಂಟಿಗೆ ಸಿಕ್ಕಿ ಬಿಗಿದು ನಿಂತಿದ್ದ ಬ್ಲೇಡಿನ ಚಕ್ರ ಅರ್ಧ ಸುತ್ತು ತಿರುಗಿತು.

ಹೆಬ್ಬೆರಳು ಉಳಿಯಿತು. ನಾಲ್ಕು ಬೆರಳು ಹೋದವು.

ನಮ್ಮ ಎದುರು ಮನೆಯವರ ಫೋನಿಗೆ ಸುದ್ದಿ ಬಂತು. ಆಸ್ಪತ್ರೆಗೆ ಓಡಿದೆ. ಬ್ಯಾಂಡೇಜಿನ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. ನನ್ನನ್ನು ನೋಡಿದವನೇ, ನೀವು ಬೈಯಬಾರದು ಎನ್ನುವ ಹಾಗೆ ಹೇಳಿದ: "ನೀವು ಓದಿದಂಗೇ ಆಫ್ ಮಾಡಿದ್ದೆ ಮೇಷ್ಟ್ರೇ. ಕೀ ಜೇಬಾಗೇ ಇತ್ತು."

ಹೌದು. ಕೈ ಹಾಕುವ ಮುಂಚೆ ಎಂಜಿನ್ ಆರಿಸಿ ಎಂದು ಪುಸ್ತಕದ ಮೊದಲಲ್ಲೇ ಇತ್ತು. ಅದನ್ನು ಎರಡು ಸಲ ಓದಿ ಹೇಳಿದ್ದೆ. ಮತ್ತೆ ಹೀಗೇಕಾಯಿತು? ಆ ವಾರ ಅವನ ಬಟ್ಟೆ ತರಲೆಂದು ಮನೆಗೆ ಹೋದಾಗ ಗೂಡಿನಲ್ಲಿದ್ದ ಪುಸ್ತಕ ತೆಗೆದೆ. ಇಂಟು ಹಾಕಿದ ಪುಟ ಓದಿದೆ. ಕೊನೆಯ ನಾಲ್ಕು ಸಾಲು ಹೀಗಿತ್ತು: ಕೊಳವೆ ಅಥವಾ ಬಾಯಿ ಕಟ್ಟಿಕೊಂಡರೆ ಎಂಜಿನ್ ಆರಿಸಿ. ಆರಿಸಿದ ಮೇಲೂ ಕೈ ಹಾಕಬೇಡಿ. ಸಿಕ್ಕಿಕೊಂಡದ್ದು ಬಿಟ್ಟುಕೊಂಡ ಕೂಡಲೇ ಬ್ಲೇಡು ತಾನಾಗಿ ತಿರುಗಬಹುದು. ಕೋಲನ್ನು ಬಳಸಿ.

ಒಂದು ಕೋಲು. ಕುರಿ ಕಾಯುವವನ ಮನೆಯಲ್ಲಿ ಕೋಲಿಗೆ ಬರವೇ?

ಪುಸ್ತಕ ಮುಚ್ಚಿ ಗೂಡಿನಲ್ಲಿಟ್ಟೆ. ಬಾಯಿಯನ್ನೂ ಮುಚ್ಚಿಕೊಂಡೆ. ಒಂದಲ್ಲ, ಎರಡು ವರ್ಷ. ಈಗ ಉಣ್ಣೆ ಕತ್ತರಿಸುವ ದಿನ ಬೇರೆಯವರು ಬಂದು ಕತ್ತರಿ ಹಿಡಿಯುತ್ತಾರೆ, ತಿಪ್ಪೇಸ್ವಾಮಿ ಕುರಿಯ ತಲೆ ಒತ್ತಿ ಹಿಡಿದು ಕೂರುತ್ತಾನೆ. ಚರ್ಮಕ್ಕೆ ಗೀರು ಬಿದ್ದಾಗ ಅವನು ಮುಖ ಆ ಕಡೆ ತಿರುಗಿಸುವುದನ್ನು ನೋಡಿದ್ದೇನೆ. ಒಂದು ಸಲ ನೋಡಿದ ಮೇಲೆ ಆ ದಿನಗಳಲ್ಲಿ ಹೋಗುವುದನ್ನೇ ಬಿಟ್ಟೆ. ಶಾಲೆಯಲ್ಲಿ ಕೆಲಸ ಎಂದು ಸುಳ್ಳು ಹೇಳಿದೆ.

ಕಳೆದ ಭಾನುವಾರ ಅವನೇ ಹೇಳಿಕಳಿಸಿದ್ದ. ಟ್ರ್ಯಾಕ್ಟರನ್ನೂ ಮಿಷನ್ನನ್ನೂ ಕೊಂಡುಕೊಳ್ಳಲು ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದಿಂದ ರುದ್ರಣ್ಣ ಎಂಬುವರು ಬಂದಿದ್ದರು. ಒಂದಕ್ಕೊಂದು ಹೇಗೆ ಜೋಡಿಸಿದ್ದು ಅಂತ ಮೇಷ್ಟರೇ ಪುಸ್ತಕ ಓದಿ ಹೇಳಲಿ ಎಂದು ತಿಪ್ಪೇಸ್ವಾಮಿಯ ಆಸೆ. ನಾನು ಎಡಗೈಯ ಕಾಫಿ ಹಿಡಿದು ಕೂತಿದ್ದೆ. ರುದ್ರಣ್ಣ ಪುಸ್ತಕ ಮಗುಚುತ್ತಿದ್ದವರು ನಿಲ್ಲಿಸಿದರು.

"ಇದ್ಕ್ಯಾಕ್ರಿ ಇಂಟು ಹಾಕ್ಯಾರೆ?"

ತಿಪ್ಪೇಸ್ವಾಮಿ ನಗುತ್ತಲೇ ಹೇಳಿದ: "ಅದು ಹಿಮದ್ದಂತೆ. ನಮಗೆ ಬ್ಯಾಡ ಅಂತ ಮೇಷ್ಟ್ರು ಹಾಕಿದ್ದು."

ಆಗಲೂ ಸುಮ್ಮನಿರಬಹುದಿತ್ತು. ಆದರೆ ರುದ್ರಣ್ಣನವರ ಎರಡು ಕೈಯೂ ಆ ಪುಟದ ಮೇಲಿದ್ದವು. ಹತ್ತು ಬೆರಳು. ಪುಸ್ತಕ ಇಸಿದುಕೊಂಡು ಆ ಎರಡೂ ಪುಟವನ್ನು ಮೊದಲಿಂದ ಓದಿ ಕನ್ನಡದಲ್ಲಿ ಹೇಳಿದೆ. ಕೊನೆಯ ನಾಲ್ಕು ಸಾಲನ್ನು ಎರಡು ಸಲ ಹೇಳಿದೆ.

ಬಾಗಿಲಲ್ಲಿದ್ದ ಕೆಂಚಮ್ಮ ಒಳಗೆ ಹೋದಳು.

ತಿಪ್ಪೇಸ್ವಾಮಿ ನನ್ನ ಕಡೆ ತಿರುಗಿದ. ಆಮೇಲೆ ಕೇಳಿದ: "ಅವತ್ತು ನಾನು ಕೇಳಿದ್ದೆ, ಅಲ್ರಾ ಮೇಷ್ಟ್ರೇ? ಏನು ಬರ್ದಾರೆ ನೋಡ್ರಿ ಅಂತ."

"ಕೇಳಿದ್ದೆ."

"ನಿಮಗೆ ಯಾವಾಗ ಗೊತ್ತಾತು?"

"ನೀನು ಆಸ್ಪತ್ರೆಯಲ್ಲಿದ್ದಾಗ."

ಅವನು ಬೈಯಲಿಲ್ಲ. ಬೈದಿದ್ದರೆ ನಾನು ಎದ್ದು ಬರಬಹುದಿತ್ತು. ರುದ್ರಣ್ಣನವರ ಕಡೆ ತಿರುಗಿ "ಕೋಲು ತಗಂಡೇ ಎಳೀಬೇಕಂತೆ ಕಣಪ್ಪ. ಕೈ ಹಾಕ್ಬ್ಯಾಡ್ರಿ. ಮನೇರಿಗೂ ಹೇಳ್ರಿ" ಎಂದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಆ ಇಂಟು ಅಳಿಸಿಕೊಡ್ರಿ. ಪುಸ್ತಕ ಅವರಿಗೆ ಹೋಗ್ತೈತೆ."

ಜೇಬು ತಡಕಿದೆ. ಮೇಷ್ಟರ ಜೇಬಿನಲ್ಲಿ ಪೆನ್ಸಿಲ್ ಇತ್ತು, ರಬ್ಬರ್ ಇರಲಿಲ್ಲ. ಬೆರಳಿನಿಂದ ಉಜ್ಜಿದೆ. ಪುಟ ಕಪ್ಪಗಾಯಿತು, ಇಂಟು ಹೋಗಲಿಲ್ಲ. ರುದ್ರಣ್ಣ "ಇರ್ಲಿ ಬಿಡ್ರಿ" ಎಂದು ಪುಸ್ತಕ ತೆಗೆದುಕೊಂಡರು. ಯಾವಾಗಲೂ ನನ್ನನ್ನು ಬಸ್ಸಿನವರೆಗೆ ಬಿಡಲು ಬರುವ ತಿಪ್ಪೇಸ್ವಾಮಿ ಅವತ್ತು ಬರಲಿಲ್ಲ. ಒಬ್ಬನೇ ನಡೆದೆ. ಎರಡು ವರ್ಷದಿಂದ ಅದುಮಿಟ್ಟುಕೊಂಡಿದ್ದ ಅಳು ಬಸ್ಸು ಬರುವವರೆಗೂ ನಿಲ್ಲಲಿಲ್ಲ.

ಈ ಅಂಕಣ ಓದುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ತುಂಬಾ ಜನ ಇದ್ದೀರಿ: ನಾನು ನಿಮ್ಮಿಂದ ಇಂಟು ಹಾಕಿಸಿದ ಪಾಠಗಳನ್ನು ದಯವಿಟ್ಟು ಒಂದು ಸಲ ಓದಿಕೊಳ್ಳುತ್ತೀರಾ?