ಅಜ್ಜಿಯ ದನಿ ತಿಳಿಯಾದ ವರ್ಷಗಳು

ಕಬ್ಬಿಣದ ಬಾಣಲೆಯಲ್ಲಿ ನುಗ್ಗೆಸೊಪ್ಪು ಬಾಡುವಾಗ ಮೊದಲು ಹಸಿ ಹಸಿ ವಾಸನೆ ಬರುತ್ತದೆ, ಆಮೇಲೆ ತುಸು ಕಹಿ, ಕೊನೆಗೆ ಕುಟ್ಟಿದ ಗುರೆಳ್ಳಿನ ಪುಡಿ ಉದುರಿಸಿದ ಕೂಡಲೇ ಎಣ್ಣೆಯಂಥ ಒಂದು ಘಮ ಏಳುತ್ತದೆ. ಈಗಲೂ ಸಂಜೆ ಯಾರದೋ ಮನೆಯ ಕಿಟಕಿಯಿಂದ ಆ ವಾಸನೆ ಬಂದರೆ ನಾನು ನಡೆಯುವುದನ್ನು ಬಿಟ್ಟು ನಿಂತುಬಿಡುತ್ತೇನೆ. ಕೊಟ್ಟೂರಿನ ನಮ್ಮ ಮನೆ ಕಣ್ಣ ಮುಂದೆ ಬರುತ್ತದೆ. ಬೀದಿಗೆ ಮುಖ ಮಾಡಿದ ತಾತನ ಕಿರಾಣಿ ಅಂಗಡಿ, ಅಂಗಡಿಯ ಹೊರಗೆ ಬಾಯಿ ತೆರೆದ ಹರಳುಪ್ಪಿನ ಚೀಲ, ಹಿಂದೆ ಮಬ್ಬು ಬೆಳಕಿನ ಪಡಸಾಲೆ, ಅದರಾಚೆ ಅಡುಗೆಮನೆ, ಹಿತ್ತಲಲ್ಲಿ ನುಗ್ಗೆ ಮರ. ಪಡಸಾಲೆಯ ಮೂಲೆಯಲ್ಲಿ, ಬಳ್ಳಾರಿ ಸೀಮೆಯ ಬೇಸಿಗೆಯಲ್ಲೂ ಕಂಬಳಿ ಹೊದ್ದು ಮಲಗಿರುತ್ತಿದ್ದ ನಮ್ಮಜ್ಜಿ. ಊರಿಗೆಲ್ಲ ಬೆವರು, ಆಕೆಗೊಬ್ಬಳಿಗೇ ಚಳಿ.

ಅಜ್ಜಿಗೆ ಆಗ ಅರವತ್ತೂ ಆಗಿರಲಿಲ್ಲ ಎಂದು ಈಗ ಯೋಚಿಸಿದರೆ ಆಶ್ಚರ್ಯವಾಗುತ್ತದೆ. ನಾವು ಮಕ್ಕಳು ಆಕೆಯನ್ನು ಕಂಡಾಗಿನಿಂದ ಆಕೆ ಮುದುಕಿಯೇ. ಮುಖ ನೀರು ತುಂಬಿದಂತೆ ಊದಿಕೊಂಡಿತ್ತು. ಹುಬ್ಬಿನ ಹೊರತುದಿ ಉದುರಿ ಹೋಗಿ ಯಾವಾಗಲೂ ಏನೋ ಕೇಳಿ ಬೆರಗಾದವಳಂತೆ ಕಾಣುತ್ತಿದ್ದಳು. ಹಿಮ್ಮಡಿ ಬಿರುಕು, ಕೈ ಒರಟು, ದನಿ ಗೊಗ್ಗರು. ಮಾತು ಒಂದೊಂದಾಗಿ ಬರುತ್ತಿತ್ತು. ಯಾರಾದರೂ ತಮಾಷೆ ಮಾಡಿದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ಆಕೆ ನಗುತ್ತಿದ್ದಳು, ಅದನ್ನು ನೋಡಿ ನಾವು ಇನ್ನೊಂದು ಸಲ ನಗುತ್ತಿದ್ದೆವು. ಅವ್ವ ಸೊಸೆಯಾಗಿ ಬಂದ ದಿನದಿಂದ ಮನೆ ನಡೆಸಿದ್ದು ಅವ್ವನೇ. ತಾತ ಕೆಟ್ಟವನಲ್ಲ, ಹೊಡೆದವನಲ್ಲ. ಆದರೆ ಬೀಗರು ಬಂದು ಕೂತಾಗ ಪಡಸಾಲೆಯ ಕಡೆ ಕೈ ತೋರಿಸಿ, "ನಮ್ಮ ಮನಿಯಾಗ ಎಮ್ಮಿ ಕಟ್ಟೋದು ಬ್ಯಾಡ್ರಿ, ಒಂದು ಒಳಗೇ ಮಲಗೇತಿ" ಅನ್ನುತ್ತಿದ್ದ. ಅಜ್ಜಿಗೆ ಕೇಳಿಸುತ್ತಿತ್ತು. ನಿಮ್ಮ ಮನೆಯಲ್ಲೂ ಇಂಥ ಒಬ್ಬಾಕೆ ಇದ್ದಿರಬಹುದು, ಎಲ್ಲರ ಸಸಾರದ ಮಾತಿಗೆ ಸಿಗುವ, ಅದಕ್ಕೆ ಎದುರಾಡದ ಒಬ್ಬಾಕೆ.

ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಗಿರಿಜತ್ತೆ ಹರಪನಹಳ್ಳಿಯ ಗಂಡನ ಮನೆಯಿಂದ ಬಂದಳು. ತಾತನ ಒಬ್ಬಳೇ ಮಗಳು. ಎರಡು ಸಲ ಬಸುರಾಗಿ ಎರಡೂ ಸಲ ನಿಂತಿರಲಿಲ್ಲ. ಎರಡು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು, ಕಣ್ಣಿನ ಒಳರೆಪ್ಪೆ ಕಾಗದದ ಬಿಳುಪು. ಅಕ್ಕಿ ಆರಿಸಲು ಕೂತರೆ ಹಿಡಿ ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನನ್ನ ಪಾಟಿಚೀಲದ ಬಳಪಗಳು ಕಡಿಮೆಯಾಗುವುದನ್ನು ಕಂಡು ನಾನು ತಮ್ಮನ ಜೊತೆ ಜಗಳ ತೆಗೆದಿದ್ದೆ. ಆಮೇಲೆ ಹಿತ್ತಲ ಗೋಡೆಗೆ ಒರಗಿ ಅತ್ತೆಯೇ ಅವನ್ನು ಕಟುಂ ಕಟುಂ ಎಂದು ಕಡಿಯುವುದನ್ನು ನೋಡಿದೆ. ನನ್ನನ್ನು ಕಂಡು ಆಕೆ ಕಣ್ಣಲ್ಲಿ ನೀರು ತಂದುಕೊಂಡಳು. "ಬಾಯಿ ಕೇಳತೈತಿ ಕಣವ್ವಾ, ನಾ ಏನು ಮಾಡ್ಲಿ" ಅಂದಳು. ಗಂಡನ ಮನೆಯವರು ಹೇಳಿ ಕಳಿಸಿದ್ದು ಇಷ್ಟೇ: ತವರಲ್ಲಿ ಸುಧಾರಿಸಿಕೊಂಡು ಬರಲಿ, ಆಗದಿದ್ದರೆ ಬೇರೆ ಹೆಣ್ಣು ನೋಡುವ ವಿಚಾರ ಮಾಡಬೇಕಾಗುತ್ತದೆ. ಅತ್ತೆಯ ಅತ್ತೆ ಇನ್ನೊಂದು ಮಾತನ್ನೂ ಸೇರಿಸಿದ್ದಳಂತೆ. "ತಾಯಿ ಹೆಂಗೋ ಮಗಳು ಹಂಗೇ."

ಆ ಮಾತು ಅಜ್ಜಿಯನ್ನು ಎಬ್ಬಿಸಿತು. ಎಷ್ಟೋ ವರ್ಷದಿಂದ ಊರು ಬಿಟ್ಟು ಎಲ್ಲಿಗೂ ಹೋಗದವಳು ದಾವಣಗೆರೆಯ ದೊಡ್ಡ ಡಾಕ್ಟರ ಹತ್ತಿರ ಮಗಳನ್ನು ತಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಳು. ಶಾಲೆಗೆ ರಜೆ ಇದ್ದದ್ದರಿಂದ ನಾನೂ ಹೊರಟೆ. ಬಸ್ಸಿನಲ್ಲಿ ಕಿಟಕಿಯ ಬಿಸಿಗಾಳಿ ಮುಖಕ್ಕೆ ಹೊಡೆಯುತ್ತಿದ್ದರೆ ಅಜ್ಜಿ ಸೆರಗು ಬಿಗಿಯಾಗಿ ಹೊದ್ದು ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದಳು.

ಡಾಕ್ಟರು ನಡುವಯಸ್ಸಿನ ಹೆಂಗಸು, ಮೆಲ್ಲಗೆ ಮಾತಾಡುವವರು. ಅತ್ತೆಯ ಉಗುರು, ಕಣ್ಣು, ಕುತ್ತಿಗೆ ನೋಡಿದರು. ಏನು ತಿನ್ನಬೇಕು ಅನಿಸುತ್ತದೆ ಎಂದು ಕೇಳಿದಾಗ ಅತ್ತೆ ನಾಚಿ ತಲೆ ತಗ್ಗಿಸಿದಳು, ನಾನು "ಬಳಪ" ಅಂದುಬಿಟ್ಟೆ. ಅವರು ನಗಲಿಲ್ಲ. ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ಹೀಗೆ ಬಾಯಿ ಕೇಳುತ್ತದೆ, ಇದು ಕೆಟ್ಟ ಚಟವಲ್ಲ ಅಂದರು. ಅಷ್ಟು ಹೊತ್ತಿಗೆ ಅಜ್ಜಿ ಮಗಳ ಪರವಾಗಿ ಏನೋ ಹೇಳಲು ಬಾಯಿ ತೆರೆದಳು. ಆ ಗೊಗ್ಗರು ದನಿ ಕೇಳಿದ್ದೇ ಡಾಕ್ಟರು ಬರೆಯುವುದನ್ನು ನಿಲ್ಲಿಸಿ ಆಕೆಯನ್ನೇ ನೋಡತೊಡಗಿದರು. ಹತ್ತಿರ ಬಂದು ಕೈ ಮುಟ್ಟಿದರು.

"ಎಷ್ಟು ವರ್ಷದಿಂದ ಹೀಗಿದೀರಿ ಅಮ್ಮ?"

"ಹಿಂಗಂದ್ರ ಹೆಂಗ್ರಿ?"

"ಈ ಚಳಿ, ಈ ದನಿ, ಈ ನಿದ್ದೆ."

ಅಜ್ಜಿ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದಳು. "ನಾನು ಇರೋದೇ ಹಿಂಗ್ರಿ" ಅಂದಳು.

ಡಾಕ್ಟರು ಆಕೆಯನ್ನು ಕುರ್ಚಿಯ ಮೇಲೆ ಮಂಡಿಯೂರಿ ನಿಲ್ಲಿಸಿ, ಹಿಮ್ಮಡಿಯ ಮೇಲಿನ ನರಕ್ಕೆ ರಬ್ಬರಿನ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಪಾದ ಸರಕ್ಕನೆ ಹಿಂದಕ್ಕೆ ಜಿಗಿಯಿತು, ಆದರೆ ತಿರುಗಿ ತನ್ನ ಜಾಗಕ್ಕೆ ಬರಲು ಎಷ್ಟು ಹೊತ್ತು ತೆಗೆದುಕೊಂಡಿತೆಂದರೆ, ಅದು ಬರುತ್ತದೋ ಇಲ್ಲವೋ ಎಂದು ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಇಬ್ಬರ ರಕ್ತವನ್ನೂ ತೆಗೆದುಕೊಂಡರು.

ಮುಂದಿನ ಸಲ ಹೋದಾಗ ವಿಷಯ ತಿಳಿಯಿತು. ಗಿರಿಜತ್ತೆಗೆ ರಕ್ತ ತೀರ ಕಡಿಮೆ, ಥೈರಾಯ್ಡ್ ಕೂಡ ಸ್ವಲ್ಪ ಕಡಿಮೆ. ಅಜ್ಜಿಗೆ ರಕ್ತವೂ ಕಡಿಮೆ, ಥೈರಾಯ್ಡ್ ಗ್ರಂಥಿಯಂತೂ ಕೆಲಸ ಮಾಡುವುದನ್ನೇ ಬಿಟ್ಟಂತಿತ್ತು. ಬಹುಶಃ ಮೂರು ಹೆರಿಗೆ ಆದ ಕಾಲದಿಂದಲೇ ಶುರುವಾಗಿರಬೇಕು ಅಂದರು ಡಾಕ್ಟರು. "ಇದು ಸೋಮಾರಿತನ ಅಲ್ಲಮ್ಮ, ಕಾಯಿಲೆ. ಮಾತ್ರೆ ಐತೆ" ಎಂದು ದಾವಣಗೆರೆಯ ಧಾಟಿಯಲ್ಲಿ ಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ನಿದ್ದೆ ಮಾಡಲಿಲ್ಲ. ಹರಪನಹಳ್ಳಿ ದಾಟಿದ ಮೇಲೆ, ಹೊರಗೆ ನೋಡುತ್ತಲೇ, "ಅವರಷ್ಟೇ ಅಲ್ಲ ಗಿರಿಜಾ, ನಾನೂ ನನ್ನ ಮೈಗಳ್ಳಿ ಅಂತ ತಿಳಕಂಡಿದ್ದೆ" ಅಂದಳು. ಅತ್ತೆ ತಾಯಿಯ ಕೈ ಹಿಡಿದುಕೊಂಡಳು. ಅಜ್ಜಿ ಅತ್ತದ್ದನ್ನು ನಾನು ಮೊದಲು ನೋಡಿದ್ದು ಅವತ್ತು, ಅದೂ ನಿಧಾನವಾಗಿಯೇ.

ತಾತನಿಗೆ ಅವ್ವ ಹೇಳಿದಳು. ಯಾರಿಗೋ ಸಕ್ಕರೆ ತೂಗುತ್ತಿದ್ದವನು ತಕ್ಕಡಿಯನ್ನು ಹಿಡಿದ ಹಾಗೇ ಹಿಡಿದು ನಿಂತುಬಿಟ್ಟ. ಕೊಳ್ಳಲು ಬಂದಾಕೆ, "ಯಜಮಾನ್ರೇ, ಹಾಕ್ರಿ" ಅಂದ ಮೇಲೆ ಪೊಟ್ಟಣ ಕಟ್ಟಿದ. ಎಮ್ಮೆಯ ತಮಾಷೆ ಮಾತ್ರ ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರಿಗೂ ಕೇಳಿಸಲಿಲ್ಲ.

ಆಮೇಲೆ ಮನೆಯ ಊಟವೇ ಬದಲಾಯಿತು. ಹಿತ್ತಲ ನುಗ್ಗೆ ಮರಕ್ಕೆ ಬಿಡುವಿಲ್ಲ. ಸಜ್ಜೆರೊಟ್ಟಿ, ಹುರುಳಿಕಾಳು, ಅಲಸಂದೆ, ಗುರೆಳ್ಳು ಚಟ್ನಿ, ಎಲ್ಲದರ ಮೇಲೂ ಲಿಂಬೆಹುಳಿ, ಹುಳಿ ಇದ್ದರೆ ಕಬ್ಬಿಣ ಮೈಗೆ ಹತ್ತುತ್ತದೆ ಎಂದು ಡಾಕ್ಟರು ಹೇಳಿದ್ದರಿಂದ. ಪಕ್ಕದ ಮನೆಯ ಫಾತಿಮಾಬಿ, ಬಸ್‌ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದ ಮೆಕ್ಯಾನಿಕ್ಕಿನ ಹೆಂಡತಿ, ಸುದ್ದಿ ತಿಳಿದು ಖರ್ಜೂರ ಮತ್ತು ಒಂದು ಪೊಟ್ಟಣ ಅಳವಿ ಬೀಜ ತಂದು ಕೊಟ್ಟಳು. "ಬಾಣಂತ್ಯಾರಿಗೆ ನಾವು ಇದೇ ಕುದಿಸಿ ಕೊಡ್ತೀವ್ರಿ, ಬೆಲ್ಲ ಹಾಕ್ರಿ" ಅಂದಳು. ಮನೆಗೆ ಪಾಕೀಟಿನ ಅಯೋಡಿನ್ ಉಪ್ಪು ಬಂತು. ಅದನ್ನು ಅಂಗಡಿಯಲ್ಲಿ ಮಾರುತ್ತಿದ್ದ ತಾತನೇ ಅಲ್ಲಿಯವರೆಗೆ ಒಳಗೆ ಹರಳುಪ್ಪು ಬಳಸುತ್ತಿದ್ದ. ಆದರೆ ಅಡುಗೆಯಿಂದಲೇ ಎಲ್ಲ ಸರಿಹೋಗುವುದಿಲ್ಲ ಎಂದು ಡಾಕ್ಟರು ಖಂಡಿತವಾಗಿ ಹೇಳಿದ್ದರು. ಬೆಳಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ನೀರಿನಲ್ಲಿ ಥೈರಾಯ್ಡಿನ ಸಣ್ಣ ಬಿಳಿ ಮಾತ್ರೆ, ಅದಾಗಿ ಒಂದು ತಾಸು ಚಹಾ ಕೂಡದು. ಕಬ್ಬಿಣದ ಮಾತ್ರೆ ಮಧ್ಯಾಹ್ನದ ಮೇಲೆ, ಎರಡನ್ನೂ ಒಟ್ಟಿಗೆ ನುಂಗಬಾರದು. ಅಜ್ಜಿಗೆ ಜೀವನದಲ್ಲಿ ಇದ್ದ ಒಂದೇ ಸುಖ ಬೆಳಗಿನ ಚಹಾ. ಆ ಒಂದು ತಾಸು ಆಕೆ ಒಲೆಯ ಮುಂದೆ ಕೂತು ಅವ್ವನ ಮುಖವನ್ನು ನೋಡುತ್ತಿದ್ದ ರೀತಿ ನೆನೆದರೆ ಈಗಲೂ ನಗು ಬರುತ್ತದೆ. ಕಬ್ಬಿಣದ ಮಾತ್ರೆ ಶುರುವಾದ ವಾರದಲ್ಲೇ ಹಿತ್ತಲಿನಿಂದ ಗಾಬರಿಯಲ್ಲಿ ಬಂದು, "ನಂದು ಮುಗೀತು ಕಣವ್ವಾ, ಎಲ್ಲಾ ಕರ್ರಗ ಹೋಗಾಕತ್ತೈತಿ" ಎಂದು ಅವ್ವನಿಗೆ ಹೇಳಿದಳು. "ಹಂಗೇ ಹೋಗತೈತಿ ಅಂತ ಡಾಕ್ಟ್ರು ಹೇಳಿದ್ದು ಮರತ್ರ್ಯಾ ಅತ್ತಿ" ಎಂದು ಅವ್ವ ನಕ್ಕು ನಕ್ಕು ಕುಸಿದಳು.

ಬದಲಾವಣೆ ಒಂದೇ ದಿನಕ್ಕೆ ಆಗಲಿಲ್ಲ. ಡಾಕ್ಟರು ಮಾತ್ರೆಯನ್ನು ಮೆಲ್ಲಗೆ ಏರಿಸುತ್ತ ಹೋದರು. ಮೊದಲು ಕಂಬಳಿ ಹೋಯಿತು. ಮುಖದ ಊತ ಇಳಿದು ನಮಗೆ ಯಾರಿಗೂ ಗೊತ್ತಿರದಿದ್ದ ಒಂದು ಚೂಪು ಗದ್ದ ಕಾಣಿಸಿಕೊಂಡಿತು. ಮಳೆಗಾಲ ಕಳೆದ ಮೇಲೆ ಒಂದು ಬೆಳಗ್ಗೆ ಅಜ್ಜಿ ಹಿತ್ತಲಲ್ಲಿ ಶೇಂಗಾ ಸುಲಿಯುತ್ತ ಫಾತಿಮಾಬಿಯನ್ನು ಗೋಡೆಯಾಚೆಯಿಂದ ಕೂಗಿ ಕರೆದಳು. ಅಂಗಡಿಯಲ್ಲಿದ್ದ ತಾತ ಗಿರಾಕಿಯನ್ನು ಬಿಟ್ಟು ಒಳಗೆ ಬಂದ. "ಯಾರು ಬಂದಾರ?" ಎಂದು ನನ್ನನ್ನು ಕೇಳಿದ. ಯಾರೂ ಬಂದಿಲ್ಲ, ಅಜ್ಜಿ ಕೂಗಿದ್ದು ಅಂದೆ. ಅಷ್ಟರಲ್ಲಿ ಆಕೆ ಇನ್ನೊಂದು ಸಲ ಕೂಗಿದಳು. ತಾತ ಬಾಗಿಲ ಚೌಕಟ್ಟು ಹಿಡಿದು ನಿಂತ. "ಈ ದನಿ ನಾ ಕೇಳಿ ಬಾಳ ವರ್ಷಾತು" ಎಂದು, ನನಗೆ ಹೇಳಿದನೋ ತನಗೇ ಹೇಳಿಕೊಂಡನೋ, ಅಂದ. ಮದುವೆಯಾಗಿ ಬಂದ ಹುಡುಗಿಯ ದನಿ ಅದು.

ಗಿರಿಜತ್ತೆ ಅಷ್ಟು ಹೊತ್ತಿಗೆ ಹರಪನಹಳ್ಳಿಗೆ ಹೋಗಿಯಾಗಿತ್ತು. ಕರೆಯಲು ಬಂದ ಗಂಡನಿಗೆ ಅಜ್ಜಿ ಸ್ವತಃ ಚಾಪೆ ಹಾಸಿ, ನುಗ್ಗೆಸೊಪ್ಪಿನ ಪಲ್ಯ ಬಡಿಸಿ, "ಆಕಿಗಿ ಆರಾಮಿರ್ಲಿಲ್ಲಪ್ಪಾ, ಮೈಗಳ್ಳಿ ಅಲ್ಲ. ಮಾತ್ರಿ ತಪ್ಪಿಸಿದ್ರ ನಾನು ಬಂದು ನಿಮ್ಮನಿಯಾಗ ಕುಂದ್ರತೀನಿ ನೋಡು" ಅಂದಳು. ಅಳಿಯ ತಲೆಯೆತ್ತಲಿಲ್ಲ. ಮರುವರ್ಷ ಅತ್ತೆಗೆ ಹೆಣ್ಣುಮಗು ಆಯಿತು.

ನಡುವೆ ಒಮ್ಮೆ ಅಜ್ಜಿ ಎಲ್ಲ ಕಳೆದುಕೊಳ್ಳುವುದರಲ್ಲಿದ್ದಳು. ಶ್ರಾವಣದಲ್ಲಿ ಬಂದ ಬಳಗದ ಹೆಂಗಸೊಬ್ಬಳು, ಇಂಗ್ಲಿಷ್ ಮಾತ್ರೆ ಉಷ್ಣ, ಆರಾಮಾದ ಮೇಲೆ ಯಾಕೆ ನುಂಗಬೇಕು ಎಂದು ತಲೆಯಲ್ಲಿ ಹಾಕಿ ಹೋಗಿದ್ದಳು. ಅಜ್ಜಿ ಯಾರಿಗೂ ಹೇಳದೆ ಬಿಟ್ಟಳು. ದೀಪಾವಳಿಯ ಹೊತ್ತಿಗೆ ಮಾತು ಮತ್ತೆ ಎಳೆಯತೊಡಗಿತು, ಮುಖ ಮತ್ತೆ ತುಂಬಿಕೊಂಡಿತು, ಒಂದು ಮಧ್ಯಾಹ್ನ ಆಕೆ ಕಂಬಳಿ ಕೇಳಿದಳು. ಅದನ್ನು ಮೊದಲು ಗುರುತಿಸಿದವನು ತಾತ. ಬೈಯಲಿಲ್ಲ. ಮರುದಿನವೇ ದಾವಣಗೆರೆಗೆ ಕರೆದುಕೊಂಡು ಹೋದ, ಮದುವೆಯಾದ ಮೇಲೆ ಅವರಿಬ್ಬರೇ ಬಸ್ಸು ಹತ್ತಿದ್ದು ಅದೇ ಮೊದಲು ಎಂದು ಅವ್ವ ಹೇಳುತ್ತಿದ್ದಳು. ಅಲ್ಲಿಂದ ಮುಂದೆ ತಾತನೇ ಬೆಳಗ್ಗೆ ಎದ್ದು, ಹಿತ್ತಾಳೆ ಲೋಟದಲ್ಲಿ ನೀರು, ಅಂಗೈಯಲ್ಲಿ ಮಾತ್ರೆ ಹಿಡಿದು ಆಕೆಯ ಹಾಸಿಗೆಯ ಹತ್ತಿರ ನಿಲ್ಲುತ್ತಿದ್ದ. "ಏಳು" ಅನ್ನುತ್ತಿದ್ದ, ಅಷ್ಟೇ. ಆ ಒಂದು ತಾಸು ತಾನೂ ಚಹಾ ಕುಡಿಯುತ್ತಿರಲಿಲ್ಲ. ತಪ್ಪಾಯಿತು ಎಂದು ಅವನು ಹೇಳಿದ್ದನ್ನು ನಾನು ಕೇಳಿಲ್ಲ.

ಮತ್ತೆ ಸುಧಾರಿಸಿಕೊಂಡಾಗಲೇ ಅಜ್ಜಿಗೆ ತನ್ನ ತವರು ಗುಡೇಕೋಟೆಯ ಗುಡ್ಡ ಹತ್ತಬೇಕೆಂಬ ಆಸೆ ಹುಟ್ಟಿದ್ದು. ಹುಡುಗಿಯಾಗಿದ್ದಾಗ ಸೀತಾಫಲ ಕೀಳಲು ಗೆಳತಿಯರ ಜೊತೆ ಹತ್ತುತ್ತಿದ್ದಳಂತೆ. ತಾತ ಅಂಗಡಿ ಬಿಟ್ಟು ಬರುವುದಿಲ್ಲ ಎಂದ, ನಾನು ಹೋದೆ. ಬಂಡೆಗಳ ಸಂದಿಯಲ್ಲಿ ಆಕೆ ಸೀರೆ ಎತ್ತಿ ಕಟ್ಟಿ ನನಗಿಂತ ಮುಂದೆ ಹತ್ತಿದಳು. ನಡುವೆ ಒಂದೆರಡು ಕಡೆ ಕೂತದ್ದು ನನಗಾಗಿ. ಅರ್ಧಕ್ಕೂ ಮೇಲೆ, ದೊಡ್ಡ ಹಾಸುಬಂಡೆಯ ಮೇಲೆ ನಿಂತು, ಬೆವರು ಒರೆಸಿಕೊಳ್ಳುತ್ತ, "ಸೆಕಿ ನೋಡು, ಎಷ್ಟು ಸೆಕಿ!" ಅಂದಳು. ಅದನ್ನು ಆಕೆ ಎಷ್ಟು ಸಂತೋಷದಿಂದ ಹೇಳಿದಳು ಎಂಬುದನ್ನು ಬರೆದು ತೋರಿಸುವುದು ನನಗೆ ಸಾಧ್ಯವಿಲ್ಲ.

ದನಿ ತಿಳಿಯಾಗಿದ್ದ ಆ ವರ್ಷಗಳು ಹತ್ತರ ಸಮೀಪ ಬಂದವು, ದಾಟಲಿಲ್ಲ. ಒಂದು ಮಧ್ಯಾಹ್ನ ಮಾತಾಡುತ್ತಲೇ ಎದೆ ಹಿಡಿದುಕೊಂಡು ಅಜ್ಜಿ ಹೋದಳು. ಅವ್ವ ಅತ್ತಳು, ಗಿರಿಜತ್ತೆ ಅತ್ತಳು, ಫಾತಿಮಾಬಿ ನಮ್ಮ ಮನೆಯ ಒಲೆ ಹೊತ್ತದ ದಿನಗಳಲ್ಲಿ ಮಕ್ಕಳಿಗೆಲ್ಲ ಊಟ ಹಾಕಿದಳು. ಆಮೇಲೆ ಎಲ್ಲ ಒಂದೊಂದಾಗಿ ಚದುರಿತು. ಅಂಗಡಿ ಮುಚ್ಚಿತು, ರಸ್ತೆ ಅಗಲ ಮಾಡುವಾಗ ಮುಂದಿನ ಗೋಡೆ ಹೋಯಿತು, ಉಳಿದದ್ದನ್ನು ಯಾರೋ ಕೊಂಡರು.

ಮನೆ ಹೋಗುವ ಮುಂಚೆ, ಅಜ್ಜಿ ತೀರಿದ ಮರುವರ್ಷ, ತಾತ ನನ್ನನ್ನು ಗುಡೇಕೋಟೆಗೆ ಕರೆದುಕೊಂಡು ಹೋಗು ಎಂದ. ಅವನಿಗೆ ಮೊಣಕಾಲು ನೋವು, ಹತ್ತುವ ಮಾತೇ ಇರಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂತು, ಕೋಲನ್ನು ಪಕ್ಕಕ್ಕಿಟ್ಟು ಮೇಲೆ ನೋಡಿದ.

"ಎಲ್ಲಿತನ ಹತ್ತಿದ್ಲು?"

ನಾನು ಹಾಸುಬಂಡೆಯನ್ನು ತೋರಿಸಿದೆ.

"ಅಲ್ಲಿತನಾ?"

"ಹೂಂ ತಾತ."

ಕಣ್ಣಿಗೆ ಬಿಸಿಲು ಹೊಡೆಯದಂತೆ ಹಣೆಗೆ ಕೈ ಅಡ್ಡ ಹಿಡಿದುಕೊಂಡ. ನಮ್ಮ ಬಸ್ಸು ಬರುವವರೆಗೂ ಅವನು ಆ ಬಂಡೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.