ಕರಿಯಣ್ಣನವರು ಜಗಲಿಯಲ್ಲಿ ಕೂತ ಭಾನುವಾರ

ಕರಿಯಣ್ಣನವರನ್ನು ಅವರದೇ ಮನೆಯ ಜಗಲಿಗೆ ಕಳಿಸಿ ಬಾಗಿಲು ಹಾಕಿಕೊಂಡಾಗ ನನಗೂ ಹೊನ್ನೇಶನಿಗೂ ಮುಖ ಮುಖ ನೋಡಿಕೊಳ್ಳಲು ಧೈರ್ಯ ಬರಲಿಲ್ಲ. ಮೇಜಿನ ಮೇಲೆ ಅವರ ಹಸ್ತಪ್ರತಿ ಇತ್ತು. ತೀರಿಕೊಂಡ ಹೆಂಡತಿ ಯಲ್ಲಮ್ಮನ ಮೇಲೆ ಬರೆದ ಪುಸ್ತಕ. ಆಕೆಯ ವರ್ಷದ ದಿನ ಬಿಡುಗಡೆ ಎಂದು ನೆಂಟರಿಗೆಲ್ಲ ಹೇಳಿಯಾಗಿತ್ತು. ಶಿವಮೊಗ್ಗದ ಪ್ರಕಾಶಕರು ಮರುದಿನವೇ ಪ್ರತಿ ಬೇಕೆಂದಿದ್ದರು. ಪುಸ್ತಕ ಮಾತ್ರ ಚೆನ್ನಾಗಿರಲಿಲ್ಲ.

ಜಗಲಿಯ ಪದ್ಧತಿ ಮಾಡಿದ್ದು ಕರಿಯಣ್ಣನವರೇ. ಲಕ್ಕವಳ್ಳಿ ಡ್ಯಾಮಿನ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾಗಿ ತರೀಕೆರೆಗೆ ಬಂದ ಮೇಲೆ, ಸುತ್ತಮುತ್ತ ಬರೆಯುವ ನಾವೆಲ್ಲ ತಿಂಗಳಿಗೊಂದು ಭಾನುವಾರ ಅವರ ಮನೆಯಲ್ಲಿ ಸೇರುತ್ತಿದ್ದೆವು. ಯಾರ ಬರಹವೋ ಅವರು ಹೊರಗೆ ಕೂರಬೇಕು. ಒಳಗಿದ್ದವರು ಬಾಯಿಬಿಟ್ಟು ಮಾತಾಡಬೇಕು. ಆಮೇಲೆ ಒಬ್ಬರು ಕಾಫಿ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಎದುರಿಗಿದ್ದರೆ ಓದಿದವರು ದಾಕ್ಷಿಣ್ಯಕ್ಕೆ ಬೀಳುತ್ತಾರೆ ಅನ್ನುವುದು ಅವರ ಲೆಕ್ಕ. ಇನ್ನೊಂದು ನಿಯಮವೂ ಇತ್ತು. ನಮ್ಮವರ ಪುಸ್ತಕಕ್ಕೆ ನಾವು ಪತ್ರಿಕೆಯಲ್ಲಿ ವಿಮರ್ಶೆ ಬರೆಯುವ ಹಾಗಿಲ್ಲ.

ನಾನು ಅಜ್ಜಂಪುರದಲ್ಲಿ ಮೆಡಿಕಲ್ ಶಾಪ್ ಇಟ್ಟವಳು. ಮನೆಯಲ್ಲಿ ಆಡುವುದು ದಖನಿ ಉರ್ದು, ಬರೆಯುವುದು ಕನ್ನಡ. ನನ್ನ ಮೊದಲ ಕಥೆ ಓದಿ ಕರಿಯಣ್ಣನವರು ಆ ಜಗಲಿಯಲ್ಲೇ ಹೇಳಿದ್ದರು: "ಶಿರೀನಮ್ಮ, ಮೊದಲನೇ ಪುಟ ಹರ್ದಾಕು. ನಿನ್ನ ಕಥೆ ಶುರುವಾಗೋದೇ ಎರಡನೇ ಪುಟದಲ್ಲಿ." ನನಗೆ ಮೈಯೆಲ್ಲ ಉರಿದುಹೋಯಿತು. ಸ್ವಲ್ಪ ದಿನ ಮಾತು ಬಿಟ್ಟೆ. ಕೊನೆಗೆ ಹರಿದುಹಾಕಿದೆ. ಅವರು ಹೇಳಿದ್ದು ಸರಿ ಇತ್ತು, ಅದಕ್ಕೇ ಸಿಟ್ಟು ಹೆಚ್ಚಾಗಿತ್ತು. ನನ್ನ ಕಥೆಗಳಿಗೆ ಪ್ರಕಾಶಕರನ್ನು ಹಿಡಿದವರೂ ಅವರೇ, ಕರಡು ತಿದ್ದಿದವರೂ ಅವರೇ. ಪುಸ್ತಕ ಬಂದಾಗ ಯಾರೋ ಒಬ್ಬರು ವಾರಪತ್ರಿಕೆಯಲ್ಲಿ ಈಕೆಗೆ ಕನ್ನಡ ಒಗ್ಗಿಲ್ಲ ಎಂದು ಬರೆದರು. ನಾನು ಅಂಗಡಿಯಲ್ಲಿ ಕೂತು ಅತ್ತೆ. ಕರಿಯಣ್ಣನವರು ಬಸ್ಸು ಹತ್ತಿ ಅಜ್ಜಂಪುರಕ್ಕೇ ಬಂದು, "ಅತ್ತಿದ್ದು ಸಾಕು, ಮುಂದಿನ ಕಥೆ ಎಲ್ಲಿ?" ಎಂದು ಗದರಿಸಿಕೊಂಡು ಹೋದರು.

ಅಂಥವರ ಪುಸ್ತಕವನ್ನು ಚೆನ್ನಾಗಿಲ್ಲ ಎನ್ನುವುದು ಹೇಗೆ?

"ಅಕ್ಕ, ಒಂದೇ ಒಂದ್ಸಲ ಸುಳ್ಳು ಹೇಳೋಣ" ಎಂದ ಹೊನ್ನೇಶ. ಕಡೂರಿನ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು, ಕವಿ, ಮೃದು ಮನುಷ್ಯ. "ನಾನು ವಿಮರ್ಶೆನೂ ಬರೆದಿಟ್ಟಿದೀನಿ. ಬುಕ್ ಬಂದ ವಾರವೇ ಪೇಪರಿಗೆ ಕಳಿಸ್ತೀನಿ."

"ಪುಸ್ತಕ ಅಚ್ಚಾಗೋ ಮುಂಚೆನೇ ವಿಮರ್ಶೆನಾ? ಓದಿದ್ದೀಯೋ ಇಲ್ವೋ?"

"ಅರ್ಧ ಓದಿದೆ. ಮುಂದಕ್ಕೆ ಆಗ್ಲಿಲ್ಲ" ಎಂದು ತಲೆ ತಗ್ಗಿಸಿದ.

ಆಗದಿರಲು ಕಾರಣ ಇಬ್ಬರಿಗೂ ಗೊತ್ತಿತ್ತು. ಪುಸ್ತಕದ ಯಲ್ಲಮ್ಮ ಸಹನಾಮೂರ್ತಿ. ದನಿ ಎತ್ತದವಳು, ಗಂಡನ ಬರಹದ ಕೆಲಸಕ್ಕೆ ಬತ್ತಿಯಾಗಿ ಉರಿದವಳು. ನಾವು ಕಂಡ ಯಲ್ಲಕ್ಕ ಬೆಳಗ್ಗೆಯಿಂದ ಸಂಜೆಯವರೆಗೆ ಬೈಯುತ್ತಿದ್ದ ಹೆಂಗಸು. "ಊರೋರ ತಪ್ಪೆಲ್ಲ ತಿದ್ದತೀರ, ಬಚ್ಚಲ ನಲ್ಲಿ ತಿಂಗ್ಳಿಂದ ಸೋರ್ತೈತೆ, ಅದನ್ಯಾವಾಗ್ರೀ ತಿದ್ದಾದು?" ಎಂದು ಅಡುಗೆಮನೆಯಿಂದಲೇ ಕೂಗುತ್ತಿದ್ದರು. ಹೊನ್ನೇಶನ ಪ್ರೇಮಕವಿತೆ ಕೇಳಿ, "ಈ ಹುಡ್ಗುಂಗೆ ಬೇಗ ಹೆಣ್ಣು ನೋಡ್ರೀ" ಎಂದಿದ್ದರು. ಅವರು ಬೈಯದ ದಿನ ನಮಗೆ ಕಾಫಿ ಸಪ್ಪೆ ಅನ್ನಿಸುತ್ತಿತ್ತು. ಆ ಹೆಂಗಸನ್ನು ಕರಿಯಣ್ಣನವರು ತಮ್ಮ ಕೈಯಾರೆ ಅಳಿಸಿ, ಅದೇ ಹೆಸರಿನ ಬೇರೆ ಯಾರನ್ನೋ ತಂದು ಕೂರಿಸಿದ್ದರು. ನನಗೆ ದುಃಖಕ್ಕಿಂತ ಕೋಪವೇ ಬಂದಿತ್ತು.

"ಅವರು ತಡ್ಕೊಳ್ಳಲ್ಲ ಅಕ್ಕ. ಮತ್ತೆ ಈ ಮನೆ ಬಾಗ್ಲು ನಮಗೆ ತೆಗೆಯಲ್ಲ" ಎಂದ ಹೊನ್ನೇಶ.

ಆ ಭಯ ನನಗೂ ಇತ್ತು. ಆದರೂ ಸ್ಟೌವಿನ ಮೇಲೆ ಕಾಫಿ ಕಾಯಿಸಿ, ಲೋಟ ಹಿಡಿದು ಬಾಗಿಲು ತೆಗೆದೆ.

ಕರಿಯಣ್ಣನವರು ಕಂಬಕ್ಕೆ ಒರಗದೆ ನೆಟ್ಟಗೆ ಕೂತಿದ್ದರು. ಎಷ್ಟೋ ಜನರನ್ನು ಅಲ್ಲಿ ಕೂರಿಸಿದವರು, ತಾವು ಕೂತದ್ದು ಅದೇ ಮೊದಲು. ಲೋಟ ತೆಗೆದುಕೊಂಡರು, ಕುಡಿಯಲಿಲ್ಲ.

"ಹೇಳಮ್ಮ."

"ಅಣ್ಣ, ಇದ್ರಲ್ಲಿ ಯಲ್ಲಕ್ಕ ಇಲ್ಲ."

ಅವರ ಮುಖ ಕಪ್ಪಿಟ್ಟಿತು. "ಪುಸ್ತಕದ ತುಂಬ ಅವಳೇ ಇದ್ದಾಳಲ್ಲ!"

"ಹೆಸರಿದೆ. ಒಂದೇ ಒಂದು ಸಲಾನೂ ನಿಮಗೆ ಬೈದಿಲ್ಲ. ಇದು ಯಲ್ಲಕ್ಕನಾ? ನನ್ನ ಮೊದಲನೇ ಪುಟ ಹರ್ದಾಕಿಸಿದ ನೀವೇ ಹೇಳಿ."

"ಮೂವತ್ತೈದು ವರ್ಷ ಸಂಸಾರ ಮಾಡ್ದೋನು ನಾನು. ನೀನು ತಿಂಗ್ಳಿಗೊಂದ್ಸಲ ಬಂದು ಕಾಫಿ ಕುಡ್ದು ಹೋದೋಳು. ನನ್ನ ಹೆಂಡ್ತಿ ಹೆಂಗಿದ್ಲು ಅಂತ ನೀನು ನನಗೆ ಹೇಳ್ತೀಯ?" ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡುವಷ್ಟು ದನಿ ಏರಿತ್ತು. "ಎದ್ದೋಗು. ನಾಳೆ ಹಂಗೇ ಕಳಿಸ್ತೀನಿ. ನಿಮ್ಮ ಯಾರ ಉಪಕಾರಾನೂ ಬೇಡ."

ಎದ್ದು ಹೋಗಿಬಿಟ್ಟರೆ ಸುಲಭವಿತ್ತು. ಆದರೆ ಎಲ್ಲಿಗೆ ಹೋಗುವುದು? ಬರೆದದ್ದನ್ನು ತೋರಿಸಲು ನನಗೆ ಭೂಮಿಯ ಮೇಲೆ ಇದ್ದದ್ದು ಇದೊಂದೇ ಜಾಗ.

"ಹೋಗಲ್ಲ. ಬೈಗುಳ ಯಾಕೆ ತೆಗೆದ್ರಿ, ಅದನ್ನ ಹೇಳಿ. ಆಮೇಲೆ ಹೋಗ್ತೀನಿ."

ಅವರು ಲೋಟವನ್ನು ಕೆಳಗಿಟ್ಟರು. ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ.

"ಬೈದಿದ್ದು ಬರೆದ್ರೆ, ಕೊನೇದಾಗಿ ಬೈದಿದ್ದೂ ಬರೀಬೇಕಾಗುತ್ತೆ ಕಣಮ್ಮ."

ನನಗೆ ಅರ್ಥವಾಗಲಿಲ್ಲ.

"ಅವತ್ತು ಸಂಜೆ ಕರಡು ತಿದ್ತಾ ಕೂತಿದ್ದೆ. ಒಳಗಿಂದ ಕೂಗಿದ್ಲು, ಎದೆ ಹಿಡ್ಕಂಡಂಗಾಗ್ತೈತೆ ಬರ್ರೀ ಅಂತ. ಈ ಪುಟ ಮುಗಿಸಿ ಬಂದೆ ಅಂದೆ. 'ಆ ಕಥೆ ಎಲ್ಲೂ ಓಡೋಗಲ್ಲ, ನಾನೇ ಹೋಗ್ತೀನಿ ನೋಡ್ತಿರಿ' ಅಂದ್ಲು. ದಿನಾ ಹಂಗೇ ತಾನೆ ಅಂತಿದ್ದಿದ್ದು? ನಕ್ಕೊಂಡು ಪುಟ ಮುಗಿಸ್ದೆ. ಒಳಗೆ ಹೋದಾಗ ಎಲ್ಲಾ ಆಗೋಗಿತ್ತು."

ಯಾರ ಕರಡು ಎಂದು ನಾನು ಕೇಳಬೇಕಾಗಿರಲಿಲ್ಲ. ಆ ತಿಂಗಳು ಅವರ ಮೇಜಿನ ಮೇಲೆ ಇದ್ದದ್ದು ನನ್ನ ಕಥೆಗಳು.

ಅವರು ಸುಳ್ಳು ಪುಸ್ತಕ ಬರೆದದ್ದು ಅರ್ಧ ತಮಗಾಗಿ, ಇನ್ನರ್ಧ ನನಗಾಗಿ. ನನ್ನ ಪುಸ್ತಕದ ಹೆಸರು ಆ ಸಾವಿನ ಪಕ್ಕ ಬರಬಾರದೆಂದು ಹೆಂಡತಿಯ ಬಾಯನ್ನೇ ಮುಚ್ಚಿಸಿದ್ದರು. ಅದನ್ನು ನಾನು ಕೆದಕಿದ್ದೆ. ಅಂಗಡಿಯ ಗಾಜಿನ ಶೋಕೇಸಿನಲ್ಲಿ ಹೆಮ್ಮೆಯಿಂದ ಇಟ್ಟಿದ್ದ ಪ್ರತಿಗಳು ನೆನಪಾಗಿ, ಈಗಲೇ ಹೋಗಿ ತೆಗೆದುಬಿಡಬೇಕು ಅನ್ನಿಸಿತು.

"ಈಗ ನೀನೇ ಹೇಳು" ಎಂದರು. "ಇವತ್ತು ಹಸ್ತಪ್ರತಿ ನೋಡ್ದೋಳು ನೀನು. ಬರೀಲೋ, ಬಿಡ್ಲೋ?"

ಬಿಡಿ ಎಂದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದೆವು. ಒಳಗೆ ಹೊನ್ನೇಶನ ವಿಮರ್ಶೆಯೂ ತಯಾರಿತ್ತು. ಆದರೆ ಯಲ್ಲಕ್ಕ ಬಾಯಿ ಮುಚ್ಚಿಕೊಂಡೇ ಉಳಿಯುತ್ತಿದ್ದರು.

"ಬರೀರಿ" ಎಂದೆ. "ವರ್ಷದ ದಿನಕ್ಕೆ ಆಗದಿದ್ರೆ ಬೇಡ. ಪ್ರಕಾಶಕರಿಗೆ ನಾನು ಹೇಳ್ತೀನಿ. ಕೊನೇದಾಗಿ ಬೈದಿದ್ದೂ ಬರೀರಿ. ಯಾರ ಕರಡು ಅಂತಾನೂ ಬರೀರಿ."

"ನಿನ್ನ ಕೈಲಿ ಓದೋಕಾಗುತ್ತಾ?"

"ಗೊತ್ತಿಲ್ಲ ಅಣ್ಣ. ಓದ್ತೀನಿ."

ಅವರು ತಲೆ ಆಡಿಸಿದರು. ಕಣ್ಣಿನ ನೀರು ಗಡ್ಡಕ್ಕಿಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ಅವಳು ಕೂಗ್ದಾಗ ತಿದ್ತಿದ್ದ ಆ ಪುಟ ಈಗ್ಲೂ ಕಣ್ಮುಂದೆ ಬರುತ್ತೆ ತಾಯಿ" ಎಂದರು. "ಮೇಲಿಂದ ಕೆಳಗೆ ನೋಡ್ದೆ. ಮತ್ತೊಂದ್ಸಲ ನೋಡ್ದೆ. ಒಂದೇ ಒಂದು ತಪ್ಪೂ ಇರ್ಲಿಲ್ಲ."