ಲಾಂಚಿನಲ್ಲಿ ಬಿಟ್ಟ ಠೂ

ಮೊಮ್ಮಗಳು ಊಟ ಬಿಟ್ಟು ಮೊಬೈಲ್ ಹಿಡಿದು ಕೂತಿದ್ದಳು. ಗೆಳತಿಯರೆಲ್ಲ ಇವಳೊಬ್ಬಳನ್ನು ಬಿಟ್ಟು ಹೊಸ ಗ್ರೂಪ್ ಮಾಡಿಕೊಂಡಿದ್ದಾರಂತೆ.

ನನ್ನ ಮೂಗಿಗೆ ತುಮರಿ ಲಾಂಚಿನ ಡೀಸೆಲ್ ವಾಸನೆ ಬಡಿಯಿತು. ಆಗ ನಾವು ಹಿನ್ನೀರು ದಾಟಿ ಶಾಲೆಗೆ ಹೋಗುತ್ತಿದ್ದೆವು. ನನ್ನ ಜಡೆಯ ರಿಬ್ಬನ್ ಅಮ್ಮನ ಹರಿದ ಸೀರೆಯ ಅಂಚು ಎಂದು ಗೆಳತಿ ಜಯಂತಿ ಕಂಡುಹಿಡಿದಳು. ನಡುನೀರಿನಲ್ಲಿ ಕಿರುಬೆರಳು ಚಾಚಿ "ಠೂ!" ಎಂದಳು. ಉಳಿದವರೂ ಒಬ್ಬೊಬ್ಬರಾಗಿ ಬೆರಳು ಚಾಚಿದರು. ಪಕ್ಕದಲ್ಲೇ ಎಲೆಅಡಿಕೆ ಜಗಿಯುತ್ತಿದ್ದ ಜಯಂತಿಯ ಅಮ್ಮ ನಕ್ಕುಬಿಟ್ಟರು.

"ಅಳೋದೆಂತಕ್ಕೆ? ನಾಳೆನೂ ಇದೇ ಲಾಂಚಲ್ಲೇ ಬರ್ಬೇಕಲ್ಲ ನೀನು!"

ಮರುದಿನವೂ ಅದೇ ಬೆಂಚು, ಅವೇ ಬೆರಳುಗಳು.

ಇದನ್ನೆಲ್ಲ ಕೇಳಿ ಮೊಮ್ಮಗಳು ತಲೆ ಎತ್ತಿದಳು.

"ಹಳೇ ಗ್ರೂಪಲ್ಲೂ ಎಲ್ಲರೂ ಇದ್ದಾರೆ ಅಜ್ಜಿ. ನಾನು ಹಾಕಿದ್ದನ್ನ ಎಲ್ಲರೂ ನೋಡ್ತಾರೆ. ಠೂ ಅಂತಾನೂ ಯಾರೂ ಅನ್ನಲ್ಲ."